ಬಾಗಿಲು ಮುಚ್ಚದ ಮೇಷ್ಟ್ರು

ನಮ್ಮ ಸಾಹಿತ್ಯದ ಮೇಷ್ಟ್ರಿಗೆ ಕಥಾನಾಯಕರ ಮೇಲೆ ಪ್ರೀತಿ ಅಷ್ಟಕ್ಕಷ್ಟೆ. ಅವರ ಒಲವೆಲ್ಲ ರಾಕ್ಷಸರ ಕಡೆಗೆ. ಹಳೆಯ ಗ್ರಂಥ ಯಾವುದೇ ಇರಲಿ, ಖಳ ಊರು ಸುಡುವ ಅಧ್ಯಾಯ ಬಂದೊಡನೆ ಕನ್ನಡಕವನ್ನು ಹಣೆಗೇರಿಸಿ, "ಇವನನ್ನ ಮೊದಲು ಹೊರಗೆ ಹಾಕಿದ್ದು ಯಾರು? ಪುಟ ಹೇಳಿ" ಎನ್ನುತ್ತಾರೆ. ನಾವು ಹಿಂದಿನ ಪುಟಗಳನ್ನು ಹುಡುಕುತ್ತ ಹೋದರೆ, ಹೆತ್ತವರೋ ಸೃಷ್ಟಿಸಿದವರೋ ಅಸಹ್ಯಪಟ್ಟು ಬಾಗಿಲು ಹಾಕಿಕೊಂಡ ಜಾಗ ಸಿಕ್ಕೇ ಸಿಗುತ್ತದೆ. "ಕೆಡುಕು ಹುಟ್ಟಿದ್ದು ಇಲ್ಲಿ, ಗೆರೆ ಎಳೀರಿ" ಎನ್ನುತ್ತಾರೆ. ಅವರ ತರಗತಿಯಲ್ಲಿ ಗೊರಕೆ ಹೊಡೆದವರು, ಹೊಡೆದಾಡಿದವರು, ಎಲ್ಲರೂ ಒಳಗೇ. ಗಾಳಿಗೆ ಬಾಗಿಲು ಮುಚ್ಚಿಕೊಂಡರೂ ಪಾಠ ನಿಲ್ಲಿಸಿ, ಹೋಗಿ ಇಟ್ಟಿಗೆ ಒತ್ತು ಕೊಟ್ಟು ಬರುತ್ತಾರೆ. ಒಂದು ದಿನ ಹಿಂದಿನ ಬೆಂಚಿನ ತುಂಟಿಯೊಬ್ಬಳು, "ನೀವು ಯಾರನ್ನೂ ಹೊರಗೆ ಹಾಕೇ ಇಲ್ವಾ ಸಾರ್?" ಎಂದು ಕೆಣಕಿದಳು. ಮೇಷ್ಟ್ರು ನಗುತ್ತಾರೆಂದು ಕಾದೆವು. "ಒಬ್ಬನನ್ನ ಹಾಕಿದೀನಮ್ಮ. ಪುಸ್ತಕ ತಂದಿರಲಿಲ್ಲ, ಅಷ್ಟೇ. ಆಮೇಲೆ ಅವನು ಕಾಲೇಜಿಗೇ ಬರಲಿಲ್ಲ" ಎಂದರು. ಕನ್ನಡಕವನ್ನು ಹಣೆಗೇರಿಸಿ, ಎಂದಿನ ದನಿಯಲ್ಲೇ, "ಇದಕ್ಕೆ ಪುಟ ಇಲ್ಲ, ತಾರೀಖಿದೆ" ಎನ್ನುತ್ತ ಬೋರ್ಡಿನ ಮೇಲೆ ಅದನ್ನು ಬರೆದು, ಕೆಳಗೆ ತಾವೇ ಗೆರೆ ಎಳೆದರು.