ಸಂಜೆಯವರೆಗೆ ತಾಳುವ ಹೂವು

ಬೆಳಗಿನ ಐದೂವರೆ. ತಮ್ಮ ಮನೆಯ ಹಿತ್ತಿಲಲ್ಲಿ ಮಾಲಿ ಮೊಣಕಾಲೂರಿ ಕೂತಿದ್ದಾರೆ. ಡೇಲಿಲಿ ಹೂವಿಗೆ ಒಂದೇ ದಿನದ ಆಯುಸ್ಸು. ಬೆಳಿಗ್ಗೆ ಅರಳಿದ್ದು ಹೊತ್ತು ಇಳಿಯುವಷ್ಟರಲ್ಲಿ ಮುದುಡುತ್ತದೆ. ನಿನ್ನೆ ಬಾಡಿದ್ದನ್ನು ಅವರು ಒಂದೊಂದಾಗಿ ಚಿವುಟಿ ಬುಟ್ಟಿಗೆ ಹಾಕುತ್ತಾರೆ, ಪಕ್ಕದ ಮೊಗ್ಗಿಗೆ ಉಗುರು ತಾಗದಂತೆ. ದಿನಕ್ಕೆ ಇನ್ನೂರಾದರೂ ಆದೀತು. ಇಂದು ಮಾತ್ರ ಕಣ್ಣೆಲ್ಲ ಮೂಲೆಯ ಕುಂಡದ ಮೇಲೆ. ಅಲ್ಲಿನ ಗಿಡದ ಮೊದಲ ಮೊಗ್ಗು ಬಿರಿಯುತ್ತಿದೆ.

ಹೊಟ್ಟೆಪಾಡಿಗೆ ಅವರು ಕಂಡವರ ಮನೆಯ ತೋಟ ನೋಡಿಕೊಳ್ಳುತ್ತಾರೆ. ದಿನಕ್ಕೆ ಐದು ಮನೆ, ಒಂದು ಹಳೇ ಸೈಕಲ್ಲು. ಆಸ್ಪತ್ರೆಯ ಗೇಟಿನ ಬಳಿ, ಶಾಲೆಯ ಗೋಡೆಗುಂಟ ಇರುವ ಕೇಸರಿ ಹೂಗಳೂ ಈ ಹಿತ್ತಿಲಿನ ಗಿಡಗಳ ಬುಡ ಸೀಳಿ ಅವರೇ ನೆಟ್ಟವು. ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ.

ಹೂವಿನ ಬಗ್ಗೆ ತಕರಾರು ತೆಗೆದವರು ಹೆಂಡತಿ ಒಬ್ಬರೇ. ಬಿಸ್ಕತ್ತು ಕಾರ್ಖಾನೆಯ ಕೆಲಸ ಅವರದು. ಕತ್ತಲಿರುವಾಗ ಹೊರಟರೆ ಮರಳುವುದು ಸಂಜೆ ಆರೂವರೆಗೆ. "ಅತ್ತೇನ ಕಂಡ ಸೊಸೆ ಹಾಗೆ ನಿಮ್ಮ ಹೂವು ನನ್ನ ಕಂಡ್ರೆ ಮುದುಡ್ಕೊಳ್ತವೆ" ಎಂದಿದ್ದರಂತೆ. ಆ ಮಾತು ಮಾಲಿಗೆ ನಾಟಿತು. ತಡವಾಗಿ ಬಾಡುವ ಎರಡು ಬಗೆ ಆರಿಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಗುರುತಿಗೆ ಹನ್ನೆರಡು ಹೂಗಳ ತೊಟ್ಟಿಗೆ ದಾರ ಕಟ್ಟಿದರು. ಬಾಡಿದರೂ ಅವನ್ನು ಕೀಳುವಂತಿಲ್ಲ. ಬೀಜದ ಕಾಯಿ ಕಟ್ಟುವುದೇ ಅಲ್ಲಿ.

ಅದನ್ನು ಹೆಂಡತಿಗೆ ಹೇಳಲು ಮರೆತರು. ನೆರವಾಗಲೆಂದು ಆಕೆ ಮರುದಿನ ಸಂಜೆ ಬಾಡಿದ್ದನ್ನೆಲ್ಲ ದಾರದ ಸಮೇತ ಕಿತ್ತು ಗೊಬ್ಬರದ ಗುಂಡಿಗೆ ಸುರಿದರು. ಆ ವರ್ಷದ ಕೊನೆಯ ಹೂಗಳವು. "ಒಳ್ಳೇದು ಮಾಡೋಕೆ ಬಂದವಳನ್ನ ಏನಂತ ಬೈಯೋದು? ಎರಡು ದಿನ ಊಟ ಸೇರ್ಲಿಲ್ಲ, ಅಷ್ಟೇ" ಎನ್ನುತ್ತಾರೆ ಮಾಲಿ.

ಎಲೆಗಳ ಸಂದಿಯಲ್ಲಿ ಆಕೆಯ ಕಣ್ಣು ತಪ್ಪಿಸಿ ದಾರ ಕಟ್ಟಿದ ಒಂದು ಹೂವು ಉಳಿದು ಕಾಯಿ ಕಟ್ಟಿತು. ಅದರಲ್ಲಿ ಏಳು ಬೀಜ. ಮೊಳೆತದ್ದು ಎರಡು, ಒಂದನ್ನು ಬಸವನಹುಳು ತಿಂದು ಉಳಿದದ್ದು ಒಂದೇ. ಮೂರು ವರ್ಷ ಕಾಯಿಸಿ ಇಂದು ಅರಳುತ್ತಿರುವುದು ಅದೇ.

ಬಣ್ಣವೇನೂ ಹೇಳಿಕೊಳ್ಳುವಂಥದ್ದಲ್ಲ, ಮಾಸಲು ಹಳದಿ. ಐದು ಮನೆಗೂ ಇಂದು ರಜೆ ಹೇಳಿ ಮಾಲಿ ಇಲ್ಲೇ ಇದ್ದಾರೆ. ಮಧ್ಯಾಹ್ನಕ್ಕೆ ಉಳಿದವೆಲ್ಲ ಜೋತುಬೀಳುತ್ತವೆ, ಇದು ನಿಂತಿದೆ. ಐದಕ್ಕೆ ಅಂಚು ಸುರುಳಿಯಾಗತೊಡಗುತ್ತದೆ. ಕುಂಡವನ್ನು ನೆರಳಿಗೆ ಸರಿಸಬಹುದಲ್ಲ ಎಂದರೆ ಮಾಲಿ ಒಪ್ಪುವುದಿಲ್ಲ. "ಅದು ಮೋಸ ಆಗುತ್ತೆ. ತಾನಾಗೇ ತಾಳ್ಬೇಕು."

ಆರೂವರೆಗೆ ಗೇಟು ಕಿರುಗುಟ್ಟುತ್ತದೆ. ಚೀಲ ಹೆಗಲಲ್ಲಿದ್ದಂತೆಯೇ ಆಕೆ ಬಗ್ಗಿ ನೋಡುತ್ತಾರೆ, ಬಹಳ ಹೊತ್ತು. ಹೂವು ಇನ್ನೂ ಬಾಯಿ ತೆರೆದೇ ಇದೆ.

"ಚಾ ಕುಡಿದು ಬರೋವರೆಗೆ ಇರುತ್ತೇನ್ರೀ?"

"ಅದಕ್ಕೆ ಇನ್ನೂ ಮೂರು ವರ್ಷ ಬೇಕು ಕಣೇ" ಎನ್ನುತ್ತಾ ಮಾಲಿ ಜೇಬಿನಿಂದ ದಾರದ ಉಂಡೆ ತೆಗೆಯುತ್ತಾರೆ. ಈ ಸಲ ಅದು ಕೆಂಪು, ಹೆಂಡತಿಯೇ ತಂದುಕೊಟ್ಟದ್ದು.