ಮೇಜಿನ ಆಚೆ ಬದಿಯ ದ್ವೀಪ

ಐಲಿ ಹಾಕಾಲಾ ಎಲ್ಲೂ ಇಲ್ಲದ ದ್ವೀಪಗಳ ನಕ್ಷೆ ಬರೆಯುವವಳು. ದೊಡ್ಡ ಸರೋವರದ ದಡದ ಡುಲುತ್‌ನಲ್ಲಿ ನಮ್ಮಿಬ್ಬರದೂ ಒಂದೇ ಬೀದಿ. ಅವಳು ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ಗಂಡ ವಿಲ್ಬರ್ಟ್ ಹಡಗುಕಟ್ಟೆಯಲ್ಲಿ ಅದಿರು ತುಂಬಿಸುತ್ತಿದ್ದವನು. ಸರೋವರ ಹೆಪ್ಪುಗಟ್ಟಿ ಹಡಗುಗಳು ನಿಂತ ಮೇಲೆ ಅವನಿಗೆ ಕೆಲಸವಿರುತ್ತಿರಲಿಲ್ಲ. ಆಗ ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಎದುರುಬದುರು ಕೂರುತ್ತಿದ್ದರು. ಅವಳು ತನ್ನ ಕಡೆಯಿಂದ ಊರು, ನದಿ, ದಾರಿ ಬರೆಯುತ್ತ ಹೊರಡುವಳು, ಅವನು ತನ್ನ ಕಡೆಯಿಂದ. ನಡುವೆ ಎಲ್ಲೋ ದಾರಿಗಳು ಸೇರಬೇಕು. ಹಾಳೆ ತಿರುಗಿಸುವಂತಿಲ್ಲ, ಎದ್ದುಹೋಗಿ ಆಚೆಯಿಂದ ನೋಡುವಂತಿಲ್ಲ, ಕೇಳುವಂತಿಲ್ಲ. ಈ ಕಟ್ಟಳೆಗಳನ್ನೆಲ್ಲ ಮಾಡಿದವಳು ಐಲಿಯೇ. ಶಾಲೆಯ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ.

"ಇವನದು ಆಮೆ ಕೈ," ಎಂದು ನನ್ನೆದುರೇ ಕಿಚಾಯಿಸುತ್ತಿದ್ದಳು. "ನಾನು ಮೂರು ಊರು ಕಟ್ಟೋ ಹೊತ್ತಿಗೆ ಇವನದು ಒಂದು ಗದ್ದೆ ಬದುವೂ ಆಗಿರಲ್ಲ."

"ನೀನು ಕಟ್ತಾ ಇರು, ನಾನು ಬರ್ತೀನಿ," ಎನ್ನುತ್ತಿದ್ದ ವಿಲ್ಬರ್ಟ್, ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತ.

ಹೋದ ವರ್ಷ ಅವನು ತೀರಿಕೊಂಡ. ನಾನು ಕೆಲಸ ಮಾಡುವ ಗ್ಯಾಲರಿಯ ಮಾಲೀಕ ಡ್ವೇನ್ ಐಲಿಯ ಹಳೆಯ ವಿದ್ಯಾರ್ಥಿ. ಆ ಹಾಳೆಗಳನ್ನು ನೋಡಿ ಮರುಳಾಗಿ ಪ್ರದರ್ಶನ ಏರ್ಪಡಿಸಿದ. ಇಬ್ಬರ ಹೆಸರನ್ನೂ ಹಾಕಿದ, ಅದರಲ್ಲಿ ಮೋಸವಿಲ್ಲ. ಆದರೆ ಚೌಕಟ್ಟು ಹಾಕಿ ಗೋಡೆಗೆ ಏರಿಸಿದ ಮೇಲೆ ನೋಡಲು ಬಂದ ಐಲಿ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲ ನಕ್ಷೆಗಳಲ್ಲೂ ಅವಳ ಅರ್ಧ ಕೆಳಗೆ, ನೆಟ್ಟಗೆ. ವಿಲ್ಬರ್ಟನ ಅರ್ಧ ಮೇಲೆ. ಅವನ ಚರ್ಚುಗಳು, ದೀಪಸ್ತಂಭಗಳು, ಮರಗಳು ಎಲ್ಲವೂ ತಲೆಕೆಳಗು.

"ಅವನನ್ನ ಕಾಲು ಮೇಲೆ ಮಾಡಿ ನೇತುಹಾಕಿದ್ದೀಯಲ್ಲೋ, ಡ್ವೇನ್."

"ಗೋಡೆಗೆ ಮೇಲು ಅನ್ನೋದು ಒಂದೇ ಇರೋದು, ಮೇಡಂ. ನಾನೇನ್ ಮಾಡ್ಲಿ?"

"ಇಳಿಸಿ ಮೇಜಿನ ಮೇಲಿಡು."

"ಸಂಜೆ ಬರೋರೆಲ್ಲ ಅದರ ಮೇಲೆ ವೈನ್ ಲೋಟ ಇಡ್ತಾರೆ."

"ಗಾಜಿದೆ, ಒರೆಸಿದ್ರಾಯ್ತು. ಅವನ ಊರನ್ನ ಒಬ್ಬರಾದ್ರೂ ನೆಟ್ಟಗೆ ನೋಡ್ಲಿ. ಇಲ್ಲಾಂದ್ರೆ ಎಲ್ಲಾನೂ ಮನೆಗೆ ತಗೊಂಡು ಹೋಗ್ತೀನಿ."

ಹಾಗೆ ಮಾಡುವವಳೇ ಅವಳು. ಕೊನೆಗೆ ಒಂದೇ ಒಂದಕ್ಕೆ ಡ್ವೇನ್ ಒಪ್ಪಿದ. ಎಲ್ಲಕ್ಕಿಂತ ದೊಡ್ಡದನ್ನು ನಾನೇ ಇಳಿಸಿ ಮೇಜಿನ ಮೇಲಿಟ್ಟು, ಎರಡೂ ಬದಿಗೆ ಕುರ್ಚಿ ಹಾಕಿದೆ.

ಸಂಜೆ ಜನ ಬಂದರು. ಗ್ಯಾಲರಿಗೆ ಬರುವ ಈ ಜನಕ್ಕೆ ಒಂದು ರೋಗವಿದೆ: ಕುರ್ಚಿ ಕಂಡರೆ ಅದೂ ಕಲಾಕೃತಿಯಿರಬಹುದೆಂದು ಮುಟ್ಟಲು ಹೆದರುತ್ತಾರೆ. ಮೇಜಿನಿಂದ ದೂರ ನಿಂತು, ತಲೆಯಾಡಿಸಿ, ಗೋಡೆಯ ಕಡೆ ಹೋದರು. ವಿಲ್ಬರ್ಟನ ಊರನ್ನು ಯಾರೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ನೀನೇ ಅವನ ಕಡೆ ಕೂತು ತೋರಿಸು," ಎಂದೆ ಐಲಿಗೆ. "ಒಬ್ಬರು ಕೂತರೆ ಉಳಿದೋರೂ ಕೂರ್ತಾರೆ."

"ಆ ಕಡೆ ನಾನು ಯಾವತ್ತೂ ಕೂತಿಲ್ಲ ಕಣೆ. ಅವನು ಹೋದ ಮೇಲೂ ಕೂರೋಕೆ ಆಗ್ಲಿಲ್ಲ."

ಆದರೂ ಹೋಗಿ ಕೂತಳು. ಅವಳ ಬೆರಳು ಗಾಜಿನ ಮೇಲೆ ವಿಲ್ಬರ್ಟನ ಒಂದೊಂದು ದಾರಿ ಹಿಡಿದು ನಡುವಿನವರೆಗೆ ಹೋಗಿ ನಿಲ್ಲುತ್ತಿತ್ತು.

"ಇಲ್ಲಿಂದ ನನ್ನ ಊರೆಲ್ಲ ತಲೆಕೆಳಗು," ಎಂದಳು. "ಆದ್ರೂ ನೋಡು, ನನ್ನ ಒಂದು ದಾರೀನೂ ಅವನು ಒಂಟಿಯಾಗಿ ಬಿಟ್ಟಿಲ್ಲ. ನಾನು ಬರೆದಿದ್ದನ್ನ ತಲೆಕೆಳಗಾಗೇ ಓದ್ಕೊಂಡು, ಆಮೇಲೆ ಬರೀತಿದ್ದ. ಅದಕ್ಕೇ ಅವನಿಗೆ ಅಷ್ಟು ಹೊತ್ತು. ನಾನು ಅವನ ಕಡೆ ಕಣ್ಣೆತ್ತಿ ನೋಡಿದವಳೇ ಅಲ್ಲ."

ಅಷ್ಟು ಚಳಿಗಾಲಗಳಲ್ಲಿ ಒಮ್ಮೆಯೂ ಆ ಮನುಷ್ಯ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅಷ್ಟರಲ್ಲಿ ಡ್ವೇನ್ ಬಂದ. "ಮೇಡಂ, ಪತ್ರಿಕೆಯವರು ಫೋಟೊ ಕೇಳ್ತಿದ್ದಾರೆ. ಎದ್ದು ನಿಮ್ಮ ಕಡೆ ಬಂದು ಕೂತ್ಕೊಳ್ತೀರಾ?"

"ಅಲ್ಲಿ ಬೇರೆ ಯಾರನ್ನಾದ್ರೂ ಕೂರಿಸಪ್ಪಾ," ಎಂದಳು ಐಲಿ, ತಲೆ ಎತ್ತದೆ. "ನಾನು ಇವನ ಊರಿಗೆ ಈಗಷ್ಟೇ ಬಂದಿದ್ದೀನಿ."