ಚಿಕ್ಕಪ್ಪ ಬರೆದ ಮೂರನೇ ಅಧ್ಯಾಯ

ನಾನು ಬಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ. ಸೇರಿದ್ದಕ್ಕೆ ವಿಜ್ಞಾನದ ಮೇಲಿನ ಪ್ರೀತಿ ಕಾರಣವಲ್ಲ. ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ. ಬಿ.ಎಸ್ಸಿ.ಯಲ್ಲಿ ಬ್ಲಡ್ ಗ್ರೂಪ್ ಪತ್ತೆಮಾಡುವ ಪ್ರಾಕ್ಟಿಕಲ್ ದಿನ ನನ್ನದೇ ಬೆರಳಿಗೆ ಸೂಜಿ ಚುಚ್ಚಿಕೊಂಡು, ನನ್ನದೇ ಒಂದು ಹನಿ ರಕ್ತ ನೋಡಿ, ಸ್ಟೂಲಿನಿಂದ ಕೆಳಗೆ ಬಿದ್ದಿದ್ದೆ. ಲೆಕ್ಚರರು ಮುಖಕ್ಕೆ ನೀರು ಚಿಮುಕಿಸುತ್ತ, "ಜೀವಶಾಸ್ತ್ರಾನೂ ಇರಬೇಕು, ಒಳಗೆ ಜೀವ ಇರಬಾರದು, ಅಂಥದ್ದೇನಾದರೂ ಓದಮ್ಮ" ಎಂದರು. ಅವರು ಬೈದಿದ್ದು. ನಾನು ಸಲಹೆ ಎಂದುಕೊಂಡೆ. ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಡೇಟಾ ಸೈನ್ಸ್ ಎಂಬ ಹೊಸ ಕೋರ್ಸು ಮಂಡ್ಯದಲ್ಲೇ ಶುರುವಾಗಿತ್ತು. ಯಾರೋ ಎಲ್ಲೋ ತೆಗೆದ ರಕ್ತ ನಮ್ಮ ಹತ್ತಿರ ಬರುವಾಗ ಅಕ್ಷರವಾಗಿ, ಅಂಕಿಯಾಗಿ ಬರುತ್ತದೆ. ಫ್ಯಾನಿನ ಕೆಳಗೆ ಕುಳಿತು ನೋಡಿದರಾಯಿತು. ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರ ಇನ್ನೇನಿದೆ?

ಕೊಪ್ಪದ ನಮ್ಮ ಬೀದಿಯಲ್ಲಿ ಯಾರಾದರೂ ವಿಚಾರಿಸಿದರೆ ಅವ್ವ "ಕಂಪ್ಯೂಟ್ರು ಓದ್ತಾವ್ಳೆ" ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು. ಚಿಕ್ಕಪ್ಪ ಹಾಗೆ ಬಿಡುವವನಲ್ಲ. ಅವನು ಮಳವಳ್ಳಿ ಕಡೆ ದನದ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದವನು. ಕಾಗದದಲ್ಲಿ ಅಟೆಂಡರ್, ಊರವರ ಬಾಯಲ್ಲಿ ಡಾಕ್ಟ್ರು.

"ಓದಿ ಏನ್ ಮಾಡ್ತೀಯ ಮಗಾ?"

"ಜೀನುಗಳ ಡೇಟಾ ನೋಡ್ತೀನಿ ಚಿಕ್ಕಪ್ಪಾ."

"ನೋಡಿ?"

"ಯಾವುದಕ್ಕೆ ಯಾವುದು ಸಂಬಂಧ ಅಂತ ಹೇಳ್ತೀನಿ."

"ಅದ್ನ ನಮ್ಮವ್ವ ಮುಸುಡಿ ನೋಡೇ ಏಳ್ತಿದ್ಲಲ್ಲ. ಅದ್ಕೆ ಎರಡ್ ವರ್ಸ ಓದ್ಬೇಕಾ?"

ಎರಡನೇ ವರ್ಷ ಪ್ರಾಜೆಕ್ಟ್ ಹಂಚುವಾಗ ನನ್ನ ಗೈಡ್ ಮೇಡಂ ನನ್ನ ಫ್ಯಾನಿಗೇ ಕೈ ಹಾಕಿದರು. "ಎಲ್ಲರೂ ಇಂಟರ್‌ನೆಟ್ಟಿನಲ್ಲಿ ಬಿದ್ದಿರೋ ಪರದೇಶದ ಡೇಟಾ ತಗೊಂಡು ಕೂತಿದ್ದೀರಿ. ಪಕ್ಕದಲ್ಲೇ ಬಂಡೂರು ಕುರಿ ಇದೆ. ನೀನು ಆ ಕಡೆಯವಳಲ್ವಾ, ಮೂವತ್ತು ಕುರಿಯ ರಕ್ತ ತಗೊಂಡು ಬಾ" ಎಂದರು. ಗಿಡ್ಡ ಕಾಲು, ಪೀಪಾಯಿಯಂಥ ಮೈಯ ಈ ಕುರಿಯ ಮಾತೆತ್ತಿದರೆ ನಮ್ಮ ಜಿಲ್ಲೆಯವರಿಗೆ ಮೊದಲು ಬಾಯಲ್ಲಿ ನೀರು ಬರುತ್ತದೆ, ಆಮೇಲೆ ಅಭಿಮಾನ. ಅಸಲಿ ತಳಿ ಎಷ್ಟು ಉಳಿದಿದೆ, ಎಷ್ಟು ಬೆರಕೆಯಾಗಿದೆ ಎಂದು ನೋಡುವುದು ನನ್ನ ಕೆಲಸ. ರಕ್ತ ಎಂಬ ಮಾತು ಕಿವಿಗೆ ಬಿದ್ದಾಗಲೇ ಮೇಜು ಹಿಡಿದುಕೊಂಡಿದ್ದೆ.

ಚಿಕ್ಕಪ್ಪನ ಕಾಲು ಹಿಡಿದೆ. ಅವನು ಸಂತೋಷದಿಂದ ಮೊಪೆಡ್ ಹೊರಡಿಸಿದ. ಮುಂದೆ ಅವನು, ಹಿಂದೆ ಮಡಿಲಲ್ಲಿ ಥರ್ಮಾಕೋಲ್ ಐಸ್ ಪೆಟ್ಟಿಗೆ ಇಟ್ಟುಕೊಂಡ ನಾನು. ನಮ್ಮ ಏರ್ಪಾಡು ಸರಳವಾಗಿತ್ತು. ಅವನು ಕುರಿಯ ಕುತ್ತಿಗೆಯಿಂದ ರಕ್ತ ಎಳೆದು ಟ್ಯೂಬಿಗೆ ತುಂಬಿ ಹಿಂದಿನಿಂದ ಕೈ ಚಾಚುತ್ತಿದ್ದ. ನಾನು ಬೆನ್ನು ತಿರುಗಿಸಿ ಕುಳಿತು, ಕಣ್ಣು ಅರ್ಧ ಮುಚ್ಚಿ, ಟ್ಯೂಬಿಗೆ ನಂಬರು ಅಂಟಿಸಿ ಪೆಟ್ಟಿಗೆಗೆ ಹಾಕುತ್ತಿದ್ದೆ. ನಾಲ್ಕು ಹಳ್ಳಿಗಳಲ್ಲಿ ಇಪ್ಪತ್ತಮೂರು ಕುರಿ ಮುಗಿದವು. ಉಳಿದ ಏಳಕ್ಕೆ ಮಳವಳ್ಳಿಯಾಚೆಯ ಒಂದು ಹಳ್ಳಿಯ ಅಜ್ಜಿಯ ಮನೆಗೆ ಹೋದೆವು. ಆಕೆ ಚಿಕ್ಕಪ್ಪನಿಗೆ ಹಳೆಯ ಪರಿಚಯ. ಒಳಗೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ನಾನು ಜಗಲಿಯಲ್ಲಿ ಬೀದಿಗೆ ಮುಖ ಮಾಡಿ ಕುಳಿತೆ. ಪೆನ್ನಿನ ಮುಚ್ಚಳ ತೆಗೆದು ಹಾಕುವುದರೊಳಗೆ ಏಳು ಟ್ಯೂಬೂ ಬಂದವು.

"ಆಗ್ಲೇ ಆಯ್ತಾ?"

"ಕೈ ಪಳಗೈತೆ ಕಣ್ಮಗಾ. ಎದ್ದೇಳು, ಊಟ ಮಾಡವ."

ಊಟ ಸೊಗಸಾಗಿತ್ತು.

ಟ್ಯೂಬುಗಳು ಬೆಂಗಳೂರಿನ ಲ್ಯಾಬಿಗೆ ಹೋದವು. ತಿಂಗಳೆರಡು ಕಳೆದ ಮೇಲೆ ಪ್ರತಿ ಕುರಿಯ ಡಿ.ಎನ್.ಎ.ಯಲ್ಲಿ ಸಾವಿರಾರು ಜಾಗಗಳ ಅಕ್ಷರಗಳು ಫೈಲಾಗಿ ಬಂದವು. ಅದನ್ನು ಚಿತ್ರ ಮಾಡಿದರೆ ಒಂದೊಂದು ಕುರಿಯೂ ಒಂದೊಂದು ಚುಕ್ಕಿ. ನೆಂಟರು ಹತ್ತಿರ, ಪರಕೀಯರು ದೂರ. ಚಿತ್ರ ಚೆನ್ನಾಗಿ ಬಂತು. ಎಣಿಸಿದರೆ ಚುಕ್ಕಿ ಇಪ್ಪತ್ತನಾಲ್ಕೇ. ಮತ್ತೆ ಎಣಿಸಿದೆ. ದೊಡ್ಡದು ಮಾಡಿ ನೋಡಿದರೆ ಅಜ್ಜಿಯ ಮನೆಯ ಏಳೂ ಚುಕ್ಕಿ ಒಂದರ ಮೇಲೊಂದು ಕುಳಿತಿದ್ದವು.

ನನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಮೂರು ವಾರ ಅದನ್ನು ಬಿಚ್ಚಿ ಕಟ್ಟಿದೆ. ಸಾಲು ಸಾಲಾಗಿ ಓದಿದೆ, ಎರಡು ಸಲ ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಏಳೂ ಕದಲಲಿಲ್ಲ. ಕೊನೆಗೆ ಮೇಡಂಗೆ ತೋರಿಸಿದೆ.

"ಮಳವಳ್ಳಿಯಲ್ಲಿ ಯಾರಾದರೂ ಕುರಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರಾ?" ಎಂದರು.

"ಆರು ಸಾಲು ತೆಗೆದುಬಿಡ್ಲಾ ಮೇಡಂ? ಇಪ್ಪತ್ತನಾಲ್ಕು ಕುರಿ ಅಂತ ಬರೆದರೆ ಯಾರಿಗೂ ಗೊತ್ತಾಗಲ್ಲ."

"ಆ ಏಳು ಕುರಿ ನೋಡೋಕೆ ಹೇಗಿದ್ದವು?"

ಏಳಲ್ಲ, ಮೂವತ್ತರಲ್ಲಿ ಒಂದು ಕುರಿಯ ಮುಖವನ್ನೂ ನಾನು ನೋಡಿರಲಿಲ್ಲ. ಕುರಿಗಳ ಮೇಲೆ ಪ್ರಬಂಧ ಬರೆಯಲು ಹೊರಟಿದ್ದೆ. ಮೇಡಂ ಬೈದಿದ್ದರೆ ಸಲೀಸಾಗಿರುತ್ತಿತ್ತು. ಅವರು ಸುಮ್ಮನೆ, "ಅಳಿಸೋ ಮೊದಲು ಒಂದ್ಸಲ ನೋಡಿಕೊಂಡು ಬಾ" ಎಂದರು.

ಚಿಕ್ಕಪ್ಪನಿಗೆ ಹೇಳದೆ ಒಬ್ಬಳೇ ಮದ್ದೂರಿಗೆ ಬಂದು ಮಳವಳ್ಳಿ ಬಸ್ಸು ಹತ್ತಿದೆ. ಅಜ್ಜಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು.

"ಏಳ್ ಕುರಿನಾ?" ಎಂದಳು, ಮೊರ ಕೆಳಗಿಟ್ಟು. "ಅವತ್ತು ಮಂದೆ ಮೇಯಾಕ್ ಓಗಿತ್ತಲ್ಲವ್ವ. ಕಾಲ್ ಉಳುಕಿತ್ತು ಅಂತ ಒಂದ್ ಟಗ್ರ ಮನೇಲಿ ಕಟ್ಟಾಕಿದ್ದೆ. ನಿಮ್ ಚಿಕ್ಕಪ್ಪ ಅದ್ಕೇ ಏಳ್ ಸಲ ಚುಚ್ದ. ಬಾಕಿದ್ವು ಬರಗಂಟ ಕಾಯಪ್ಪ ಅಂದೆ. ಮುದ್ದೆ ಆರೋಯ್ತದೆ ಬುಡು ಅಂದ."

ಆ ಟಗರು ಕೊಟ್ಟಿಗೆಯಲ್ಲೇ ಇತ್ತು. ನನ್ನನ್ನು ಕಂಡದ್ದೇ ಹಗ್ಗ ಬಿಗಿಯುವವರೆಗೂ ಹಿಂದಕ್ಕೆ ಸರಿಯಿತು.

ಕೋಪದಲ್ಲಿ ಬಸ್ಸಿನುದ್ದಕ್ಕೂ ಬೈಗುಳ ಜೋಡಿಸಿಕೊಂಡು ಕೊಪ್ಪಕ್ಕೆ ಬಂದೆ. ಚಿಕ್ಕಪ್ಪ ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದ.

"ಏಳು ಟ್ಯೂಬಲ್ಲೂ ಒಂದೇ ಟಗರು ರಕ್ತ ತುಂಬಿದ್ದೀಯ."

"ಯಾರ್ ಏಳುದ್ದು? ಆ ಮುದ್ಕಿನಾ?"

"ಅಜ್ಜಿ ಇವತ್ತು ಹೇಳ್ತು. ಕಂಪ್ಯೂಟರು ತಿಂಗಳ ಹಿಂದೇನೇ ಹೇಳ್ತು."

ಅವನು ಲೋಟ ಕೆಳಗಿಟ್ಟ. ನಾಚಿಕೆಪಟ್ಟನೆಂದುಕೊಂಡೆ. ಇಲ್ಲ, ಕಣ್ಣು ಹೊಳೆಯುತ್ತಿತ್ತು.

"ಬರೀ ರಕ್ತ ನೋಡಿ? ಏಳೂ ಒಂದೇ ಅಂತು?"

"ಹೂಂ. ಗಂಡು ಅಂತಾನೂ ಹೇಳ್ತು."

"ಅಬ್ಬಾ ಇದ್ರ!" ಎಂದು ಅವ್ವನ ಕಡೆ ತಿರುಗಿದ. "ಅತ್ಗೆ, ಇದು ಓದು ಅಂದ್ರೆ. ಸುಳ್ಳು ಇಡಿಯೋ ಓದು!"

"ನನ್ನ ಡಿಗ್ರಿ ಹೋಗ್ತಿತ್ತು ಚಿಕ್ಕಪ್ಪಾ!"

"ನೀನ್ ಬೆನ್ ತಿರುಗುಸ್ಕಂಡ್ ಕುಂತಿದ್ರೆ ನಾನೇನ್ ಮಾಡ್ಲಿ ಮಗಾ? ನೀನ್ ನೋಡ್ತಿದ್ದಿದ್ರೆ ನಾನಂಗ್ ಮಾಡ್ತಿದ್ನಾ?"

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಅವನು ಮಾಡಿದ್ದು ತಪ್ಪು, ಹೇಳಿದ್ದು ಸರಿ.

ಮುಂದಿನ ಭಾನುವಾರ ಬೆಳಿಗ್ಗೆ, ಮಂದೆ ಮೇಯಲು ಹೊರಡುವ ಮೊದಲೇ ಇಬ್ಬರೂ ಅಜ್ಜಿಯ ಮನೆ ತಲುಪಿದೆವು. ಈ ಸಲ ಕುರಿಯ ತಲೆ ಹಿಡಿದದ್ದು ನಾನು. ಸೂಜಿ ಒಳಗೆ ಹೋಗಿ ಟ್ಯೂಬು ಕಡುಗೆಂಪಾದಾಗ ಕೊಟ್ಟಿಗೆಯ ಗೋಡೆ ನನ್ನ ಕಡೆ ವಾಲಿತು. "ಉಸ್ರು ಬುಡವ್ವ, ಕುರಿನೇ ಬುಡ್ತಾ ಐತೆ" ಎಂದು ಅಜ್ಜಿ ಬೆನ್ನಿಗೊಂದು ಗುದ್ದಿದಳು. ಬಿಟ್ಟೆ. ಮೂರನೆಯದರ ಹೊತ್ತಿಗೆ ಗೋಡೆ ನೆಟ್ಟಗೆ ನಿಂತಿತ್ತು. ಬೇರೆ ಬೇರೆ ಆರು ಕುರಿ, ಆರು ಟ್ಯೂಬು. ಪ್ರತಿಯೊಂದರ ಮುಖವನ್ನೂ ನೋಡಿದೆ. ಎಲ್ಲಕ್ಕೂ ನನ್ನ ಮೇಲೆ ಸಿಟ್ಟಿತ್ತು.

ಹಳೆಯ ಏಳು ಟ್ಯೂಬುಗಳ ಡೇಟಾವನ್ನು ಎಸೆಯಲು ಮೇಡಂ ಬಿಡಲಿಲ್ಲ. "ಒಂದೇ ಕುರಿಯನ್ನ ಲ್ಯಾಬು ಏಳು ಸಲ ಓದಿದೆ. ಏಳೂ ಸಲ ಒಂದೇ ಉತ್ತರ ಬರಬೇಕು. ಎಲ್ಲಿ ಬೇರೆ ಬಂದಿದೆಯೋ ಅಲ್ಲಿ ಮೆಷಿನ್ ತಪ್ಪಿದೆ. ಮೆಷಿನ್ ಎಷ್ಟು ತಪ್ಪುತ್ತೆ ಅಂತ ಅಳೆಯೋ ಅವಕಾಶ ಎಂ.ಎಸ್ಸಿ.ಯವರಿಗೆ ಎಲ್ಲಿ ಸಿಗುತ್ತೆ?" ಎಂದರು. ಅದೇ ನನ್ನ ಪ್ರಬಂಧದ ಮೂರನೇ ಅಧ್ಯಾಯವಾಯಿತು.

ಮೌಖಿಕ ಪರೀಕ್ಷೆಗೆ ಮೈಸೂರಿನಿಂದ ಬಂದ ಪರೀಕ್ಷಕರು ಮೊದಲೆರಡು ಅಧ್ಯಾಯಗಳನ್ನು ಕ್ಯಾಲೆಂಡರಿನಂತೆ ತಿರುವಿಹಾಕಿ ಮೂರನೆಯದರಲ್ಲಿ ನಿಂತರು. "ಭೇಷ್! ಒಂದೇ ಪ್ರಾಣಿಯಿಂದ ಏಳು ಮಾದರಿ. ಇಷ್ಟು ದೂರಾಲೋಚನೆ ಯಾರದಮ್ಮ?"

ಮೇಡಂ ಕಿಟಕಿಯ ಕಡೆ ನೋಡಿದರು.

"ನಮ್ಮ ಚಿಕ್ಕಪ್ಪಂದು ಸರ್. ಮುದ್ದೆ ಆರಿಹೋಗ್ತಿತ್ತು."

ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು ನಕ್ಕು ನೀರು ಕುಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಇದನ್ನ ಬರೆದಿದ್ದೀಯೋ, ಮುಚ್ಚಿಟ್ಟಿದ್ದೀಯೋ?" ಎಂದು ಗಟ್ಟಿಯಾಗಿ ಕೇಳಿದರು. ಪುಟ ತೆರೆದು ತೋರಿಸಿದೆ. ಮುದ್ದೆಯೊಂದನ್ನು ಬಿಟ್ಟು ಎಲ್ಲವೂ ಅಲ್ಲಿತ್ತು. ಪಾಸಾದೆ.

ಚಿಕ್ಕಪ್ಪನಂತೂ ಕೊಪ್ಪದ ಹೋಟೆಲಿನಲ್ಲಿ ನನ್ನ ಓದನ್ನು ಸಾರಿಬಿಟ್ಟ. ಕರು ಯಾವ ಹೋರಿಯದು ಎಂದು ಕೇಳಲು ಇಬ್ಬರು ಬಂದರು. ಕದ್ದ ಹುಂಜ ಸಾರಾದ ಮೇಲೂ ಗುರುತು ಸಿಗುತ್ತದೆಯೇ ಎಂದು ಮತ್ತೊಬ್ಬ, ಮೂಳೆಯನ್ನು ಪೇಪರಿನಲ್ಲಿ ಸುತ್ತಿಕೊಂಡೇ ಬಂದ.

ನಾನೀಗ ಮೇಡಂ ಬಳಿಯೇ ಸಹಾಯಕಿಯಾಗಿದ್ದೇನೆ. ಮೊನ್ನೆ ಅಜ್ಜಿಗೆ ಫಲಿತಾಂಶ ಹೇಳಲು ಹೋಗಿದ್ದೆ. "ನೀವ್ ಸಾಕಿರೋದು ಹೆಚ್ಚುಕಮ್ಮಿ ಅಸಲಿ ಬಂಡೂರು ಅಜ್ಜಿ, ಬೆರಕೆ ಇಲ್ಲ" ಎಂದೆ.

"ಅದು ನಂಗೊತ್ತಿಲ್ವಾ?" ಎಂದಳು.

ಈಗ ಪ್ರತಿ ಟ್ಯೂಬಿನ ಜೊತೆ ಕುರಿಯ ಫೋಟೊ ಕೂಡ ತೆಗೆಯುತ್ತೇನೆ. ಅಂದೂ ಒಂದೊಂದನ್ನೇ ನಿಲ್ಲಿಸಿ ಮೊಬೈಲ್ ಎತ್ತುತ್ತಿದ್ದಾಗ ಅಜ್ಜಿ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು.

"ಬರೀ ಅವುಂದೇ ತಗೀತಾ ಇದ್ದೀಯಲ್ಲ. ಸಾಕ್ದೋಳ್ದೂ ಒಂದ್ ತಗಿ" ಎಂದು ಒಂದು ಕುರಿಯ ಕೊರಳಿಗೆ ಕೈ ಹಾಕಿ ನೆಟ್ಟಗೆ ನಿಂತಳು. ಕುರಿ ಕದಲಿತು. ಅಜ್ಜಿ ಕದಲಲಿಲ್ಲ. ಚಿತ್ರದಲ್ಲಿ ಕುರಿಯ ಮುಖ ಮಸುಕಾಗಿದೆ, ಅಜ್ಜಿ ಸ್ಪಷ್ಟವಾಗಿ ಬಂದಿದ್ದಾಳೆ.